ಕಾರ್ಣಿಕದ ನುಡಿ ಬರೆದಿಡಿ

ಮಾನ್ಯರೆ,

ಬೀರೂರಿನ ಮೈಲಾರಲಿಂಗೇಶ್ವರ ಕಾರ್ಣಿಕದ, ಅಂದರೆ ದೇವರ ಹೆಸರಿನಲ್ಲಿ ನುಡಿಯುವ ಭವಿಷ್ಯವಾಣಿಯ, ಸುದ್ದಿ ದಸರೆ ಬಂತೆಂದರೆ ಅಚ್ಚಾಗುತ್ತದೆ. ಜೊತೆಗೇ ಮಳೆ, ಬೆಳೆ, ರಾಜಕೀಯದ ಅರ್ಥವೂ ಅಂಟಿಕೊಂಡಿರುತ್ತದೆ. ಕಾರ್ಣಿಕ ಹೇಳುವವರು ನುಡಿದದ್ದೆಷ್ಟು, ಕೇಳಿದವರು ಸೇರಿಸಿದ್ದೆಷ್ಟು ಎಂಬುದು ವರ್ಷ ಕಳೆದ ಮೇಲೆ ಗೊತ್ತಾಗುವುದಿಲ್ಲ. ಅತೀಂದ್ರಿಯ ಅನುಭವಗಳ ಸಂಶೋಧನೆಗೆಂದೇ 1882ರಲ್ಲಿ ಲಂಡನ್ನಿನಲ್ಲಿ ಸಂಘ ಕಟ್ಟಿದವರು ಸಾಕ್ಷಿಗಳ ಹೇಳಿಕೆಗಳನ್ನು ಪಟ್ಟು ಹಿಡಿದು ಸಂಗ್ರಹಿಸಿದರು. 1894ರ ಅವರ ಒಂದು ವರದಿಗಾಗಿ ಸುಮಾರು 17,000 ಜನರನ್ನು ಇಂಥ ಅನುಭವಗಳ ಬಗ್ಗೆ ಕೇಳಿದ್ದರು. ನಮ್ಮ ಜಿಲ್ಲೆಯ ಕಾಲೇಜುಗಳು ಕಾರ್ಣಿಕದ ಮಾತನ್ನು ಅಂದೇ, ಅರ್ಥ ಹಚ್ಚುವ ಮೊದಲೇ, ಧ್ವನಿಮುದ್ರಿಸಿ ಇಡಲಿ. ದೇವರು ಮೈದುಂಬುವ ಹೆಂಗಸರನ್ನೂ ಗೌರವದಿಂದ ಮಾತಾಡಿಸಲಿ. ನಮ್ಮ ಅಜ್ಜಿಯ ಮೈಮೇಲೂ ಅಮ್ಮ ಬರುತ್ತಿದ್ದಳು. ಆಗ ಅಜ್ಜಿ ಆಡಿದ ಒಂದು ಮಾತನ್ನೂ ನಾವು ಬರೆದಿಡಲಿಲ್ಲ. ಆ ಕೊರಗು ನನಗಿನ್ನೂ ಇದೆ.

– ಓದುಗಿ, ಕಡೂರು