ಹಳೆಯ ಸುದ್ದಿಗೆ ಇಸವಿ ಹಾಕಿ

ಮಾನ್ಯರೇ,

ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು, ಗೇಟು ಕೊಚ್ಚಿಕೊಂಡು ಹೋಗಿದ್ದು 2024ರ ಆಗಸ್ಟ್ 10ರ ರಾತ್ರಿ. ಸುಮಾರು ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಜಾಗಕ್ಕೆ ತಾತ್ಕಾಲಿಕವಾಗಿ ಇಳಿಸುವ ಉಕ್ಕಿನ ತಡೆ) ಇಳಿಸಿ ನೀರು ತಡೆದರು. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೂ ಮಳೆಗಾಲದಲ್ಲಿ ಡ್ಯಾಂ ತುಂಬುತ್ತಿದ್ದಂತೆ ಅದೇ ಸುದ್ದಿಯ ಲಿಂಕು ವಾಟ್ಸ್‌ಆ್ಯಪ್ ಗುಂಪುಗಳಿಗೆ ಮತ್ತೆ ಬರುತ್ತದೆ. ಫೋಟೊ ಇರುತ್ತದೆ, ದಪ್ಪ ಅಕ್ಷರದ ತಲೆಬರಹ ಇರುತ್ತದೆ. ತಾರೀಖು ಮಾತ್ರ ಇರುವುದಿಲ್ಲ.

ಕಂಪ್ಲಿಯಲ್ಲಿ ನನ್ನದು ಗೊಬ್ಬರದ ಅಂಗಡಿ. ಹೊಳೆದಂಡೆಯ ರೈತರು ಫೋನು ಮುಂದೆ ಹಿಡಿದು "ಖರೇನ್ರೀ ಇದು?" ಅಂತ ಕೇಳುತ್ತಾರೆ. ಸುದ್ದಿ ಖರೇನೇ, ಆದರೆ ಈ ವರ್ಷದ್ದಲ್ಲ. ಸುಳ್ಳು ಸುದ್ದಿಯಾದರೆ ಸುಳ್ಳು ಅಂತ ಹೇಳಿಬಿಡಬಹುದು. ಇದನ್ನು ಏನಂತ ಹೇಳೋಣ? ಹೊಳೆ ಜೋರಾಗಿ ಬಂದರೆ ಕಂಪ್ಲಿ ಸೇತುವೆ ಮುಳುಗಿ ಗಂಗಾವತಿ ದಾರಿ ಬಂದ್ ಆಗುತ್ತದೆ. ಅದನ್ನು ಕಣ್ಣಾರೆ ಕಂಡವರು ಸುಮ್ನೆ ಕೂರುವುದಿಲ್ಲ. ಬಾಡಿಗೆ ಟ್ರ್ಯಾಕ್ಟರ್ ತಂದು, ಪಂಪ್‌ಸೆಟ್ ಬಿಚ್ಚಿ ಎತ್ತರದ ಜಾಗಕ್ಕೆ ಸಾಗಿಸುತ್ತಾರೆ. ಆ ಖರ್ಚಿಗಿಂತ ನನಗೆ ಜಾಸ್ತಿ ಭಯ ಇನ್ನೊಂದರದ್ದು. ಹೀಗೆ ಮೋಸ ಹೋದವರು, ನಿಜವಾಗಿ ನೀರು ಬಿಟ್ಟ ದಿನ "ಹಳೇದಿರಬೇಕು ಬಿಡು" ಅಂದುಕೊಂಡರೆ? ಆಗ ದನಕರುಗಳ ಜೀವಕ್ಕೇ ಕುತ್ತು, ಅಲ್ವಾ?

ಹಳೆಯ ಸುದ್ದಿ ಹಂಚಬೇಡಿ ಅಂತ ನಾನು ಹೇಳುತ್ತಿಲ್ಲ. ಆ ಗೇಟು ಹೇಗೆ ಹೋಯಿತು, ಹೇಗೆ ಮುಚ್ಚಿದರು ಅನ್ನುವುದನ್ನು ನಮ್ಮ ಮಕ್ಕಳು ಓದಲೇಬೇಕು. ಲಿಂಕಿನ ಮೇಲೆ "2024ರ ಸುದ್ದಿ" ಅಂತ ಬರೆದು ಕಳಿಸಿ, ಅಷ್ಟು ಸಾಕು.

ಪತ್ರಿಕೆಗಳ ವೆಬ್‌ಸೈಟ್‌ಗಳೂ ಇದಕ್ಕೆ ಕೈಜೋಡಿಸಬೇಕು. ಒಳಗೆ ಸಣ್ಣಕ್ಷರದಲ್ಲಿ ತಾರೀಖು ಇದೆ ಅನ್ನಬಹುದು. ಆದರೆ ಒತ್ತಿ ನೋಡದೆ ಮುಂದೆ ಕಳಿಸುವವರೇ ಹೆಚ್ಚು. ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆ 2019ರಲ್ಲೇ, ಹಳೆಯ ಲೇಖನ ಹಂಚಿದಾಗ ಕಾಣುವ ಚಿತ್ರದ ಮೇಲೆ ಇಸವಿ ಹಾಕಲು ಶುರು ಮಾಡಿತು. 90 ದಿನಕ್ಕಿಂತ ಹಳೆಯ ಸುದ್ದಿ ಹಂಚಲು ಹೊರಟರೆ ಎಚ್ಚರಿಸುವ ವ್ಯವಸ್ಥೆಯನ್ನು ಫೇಸ್‌ಬುಕ್ 2020ರಲ್ಲಿ ತಂದಿತು. ವಾಟ್ಸ್‌ಆ್ಯಪ್‌ನಲ್ಲಿ ಕಾಣುವ "ಫಾರ್ವರ್ಡೆಡ್" ಗುರುತಿನಿಂದ ಸುದ್ದಿ ಯಾವ ಕಾಲದ್ದು ಅಂತ ತಿಳಿಯುವುದಿಲ್ಲ.

ನಿಮ್ಮ ಪತ್ರಿಕೆಯೂ ಚಿತ್ರದ ಮೇಲೆಯೇ ತಾರೀಖು ಹಾಕಲಿ. ಎಲ್ಲ ಸುದ್ದಿಗೂ ಒಮ್ಮೆಲೇ ಆಗದಿದ್ದರೆ ಡ್ಯಾಂ, ನೆರೆ, ಘಾಟಿ ರಸ್ತೆ ಬಂದ್, "ನಾಳೆ ಶಾಲೆಗಳಿಗೆ ರಜೆ" ಇಂಥ ಸುದ್ದಿಗಳಿಂದ ಶುರು ಮಾಡಿ. ಮುಂದಿನ ಮಳೆಗಾಲದೊಳಗೆ ಇದು ಆಗಲಿ ಎಂದು ಕೇಳಿಕೊಳ್ಳುತ್ತೇನೆ.

– ಗೊಬ್ಬರದ ಅಂಗಡಿಯವ, ಕಂಪ್ಲಿ