ಭಾನುವಾರ ನೋಡಿದ ಚಿತ್ರ ಮತ್ತು ಮುಂದಿನ ಭೇಟಿಯ ಕುರಿತು

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಕಳೆದ ಭಾನುವಾರ ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಯಲ್ಲಿ ಎಲ್ಲರೂ ಕೂಡಿ ನೋಡಿದ ‘ಒಂದು ಮೊಟ್ಟೆಯ ಕಥೆ’ ನನ್ನ ಮನಸ್ಸಿನಿಂದ ಇನ್ನೂ ಇಳಿದಿಲ್ಲ. 2017ರಲ್ಲಿ ತೆರೆಕಂಡ, ರಾಜ್ ಬಿ. ಶೆಟ್ಟಿಯವರು ತಾವೇ ನಿರ್ದೇಶಿಸಿ ನಟಿಸಿದ ಈ ಚಿತ್ರದಲ್ಲಿ, ತಲೆಗೂದಲು ಉದುರಿದ ಮಂಗಳೂರಿನ ಕನ್ನಡ ಉಪನ್ಯಾಸಕ ಜನಾರ್ದನನಿಗೆ ಹೆಣ್ಣು ಸಿಗುವುದೇ ಕಷ್ಟವಾಗುತ್ತದೆ. ಅವನ ಪಾಡು ಕಂಡು ನಾವೆಲ್ಲ ನಕ್ಕೆವು. ಆದರೆ ತನ್ನ ಬೋಳುತಲೆಯಿಂದಲೇ ಜನ ತನ್ನನ್ನು ಅಳೆಯುತ್ತಾರೆಂದು ನೋಯುವ ಅವನೇ, ಹೆಣ್ಣಿನ ರೂಪದ ವಿಷಯ ಬಂದಾಗ ಅದೇ ಅಳತೆಗೋಲನ್ನು ಹಿಡಿಯುವುದನ್ನು ನೋಡಿದಾಗ ನನ್ನ ನಗು ನಿಂತುಹೋಯಿತು.

ಏಕೆಂದರೆ 22 ವರ್ಷಗಳ ಹಿಂದೆ ಹೆಣ್ಣು ನೋಡಲು ಹೋಗಿದ್ದ ನಾನು, ಕಾಫಿ ತಂದಿಟ್ಟ ಹುಡುಗಿಯ ಬಣ್ಣ ಕಪ್ಪೆಂಬ ಒಂದೇ ಕಾರಣಕ್ಕೆ, ಅವಳ ದನಿಯನ್ನೂ ಸರಿಯಾಗಿ ಕೇಳದೆ, ಜಾತಕ ಕೂಡಿಬರಲಿಲ್ಲವೆಂದು ಸೋದರಮಾವನಿಂದ ಸುಳ್ಳು ಹೇಳಿಸಿದ್ದೆ. ಇದನ್ನು ಭಾನುವಾರ ರಾತ್ರಿ ಮೊದಲ ಬಾರಿಗೆ ಹೆಂಡತಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ ಅವಳು, ಎತ್ತರ ಸಾಲದೆಂದು ತನ್ನನ್ನೂ ಮೂರು ಮನೆಯವರು ಬೇಡವೆಂದಿದ್ದರು ಎಂದಳು. ಇಷ್ಟು ವರ್ಷ ಜೊತೆಯಾಗಿ ಬಾಳಿದ ಮೇಲೆ ಅದು ನನಗೆ ಆ ರಾತ್ರಿ ತಿಳಿಯಿತು. ನಮ್ಮ ಪ್ರೀತಿ ಹುಟ್ಟಿದ್ದು ಮದುವೆಯ ದಿನವಲ್ಲ, ಟೈಫಾಯ್ಡ್ ಬಂದು ಮಲಗಿದ್ದ ನನಗೆ ಅವಳು ಗಂಜಿ ಉಣಿಸಿದ ಒಂದು ಮಳೆಗಾಲದಲ್ಲಿ ಎಂದು ನಾನು ನಂಬಿದ್ದೇನೆ.

ಈ ಚಿತ್ರದ ಬಗ್ಗೆ ಮನಬಿಚ್ಚಿ ಮಾತನಾಡಲು ಮುಂದಿನ ಭಾನುವಾರ ಸಂಜೆ 4 ಗಂಟೆಗೆ ನಮ್ಮ ಮನೆಯಲ್ಲಿಯೇ ಮತ್ತೆ ಸೇರೋಣ. ದಂಪತಿಗಳು ಜೊತೆಯಾಗಿ ಬರಬೇಕು, ಮದುವೆಯ ಮಾತುಕತೆ ನಡೆಯುತ್ತಿರುವ ಮಕ್ಕಳನ್ನೂ ಕರೆತರಬೇಕೆಂದು ವಿನಂತಿ. ಗೋಳಿಬಜೆ, ಚಹಾದ ವ್ಯವಸ್ಥೆ ಇರುವುದರಿಂದ ಬರುವವರ ಸಂಖ್ಯೆಯನ್ನು ಶುಕ್ರವಾರದೊಳಗೆ ಇಲ್ಲಿಯೇ ತಿಳಿಸಿರಿ.