ಇ-ಕೊಲೈ ಇಲ್ಲವೆಂದರೆ ವೈರಸ್ ಇಲ್ಲವೆಂದಲ್ಲ

ಮಾನ್ಯರೆ,

ಆಮದು ಹಣ್ಣಿನ ಚರ್ಚೆ ಮೇಣ, ಕೀಟನಾಶಕಗಳಲ್ಲೇ ಮುಗಿದುಹೋಗುತ್ತದೆ. ವೈರಸ್ ಲೆಕ್ಕಕ್ಕೇ ಬರುವುದಿಲ್ಲ. 2012ರಲ್ಲಿ ಚೀನಾದ ಶೈತ್ಯೀಕರಿಸಿದ ಸ್ಟ್ರಾಬೆರಿಯಿಂದ ಜರ್ಮನಿಯಲ್ಲಿ ಸುಮಾರು 11,000 ಮಂದಿಗೆ ನೊರೊವೈರಸ್ ವಾಂತಿಭೇದಿ ತಗುಲಿತು. 2022ರಲ್ಲಿ ಮೆಕ್ಸಿಕೊದ ತಾಜಾ ಸ್ಟ್ರಾಬೆರಿ ಅಮೆರಿಕ, ಕೆನಡಾಗಳಿಗೆ ಯಕೃತ್ತಿಗೆ ಸೋಂಕು ತರುವ ಹೆಪಟೈಟಿಸ್ ಎ ವೈರಸ್ ಒಯ್ದಿತು.

ಬಾಳೆ, ಕಿತ್ತಳೆಗಳನ್ನು ಸುಲಿದು ತಿನ್ನುತ್ತೇವೆ, ಬೆರಿಗಳನ್ನು ಹಾಗೇ ಬಾಯಿಗೆ ಹಾಕಿಕೊಳ್ಳುತ್ತೇವೆ. ಕೀಳುವವರ ಕೈಯಿಂದಲೋ ಕೀಟನಾಶಕ ಬೆರೆಸಿ ಸಿಂಪಡಿಸುವ ನೀರಿನಿಂದಲೋ ಬಂದ ವೈರಸ್ ರಾಸ್‌ಬೆರಿಯ ಮಣಿಗಳ ಸಂದಿನಲ್ಲಿ ಕುಳಿತರೆ ತೊಳೆದರೂ ಪೂರ್ತಿ ಹೋಗದು. ಫ್ರಿಜ್‌ನ ತಂಪು ಅದನ್ನು ಕಾಪಾಡುತ್ತದೆಯೇ ಹೊರತು ಕೊಲ್ಲುವುದಿಲ್ಲ.

ಮಲದ ಸೋಂಕನ್ನು ಸೂಚಿಸುವ ಬ್ಯಾಕ್ಟೀರಿಯಾ ಇ-ಕೊಲೈ. ಅದು ಇಲ್ಲವೆಂಬ ವರದಿ ಇಲ್ಲಿ ಸಾಲದು, ಅದಿಲ್ಲದೆಯೂ ವೈರಸ್ ಇರಬಹುದು. ವೈರಸ್‌ಗೆಂದೇ ಇರುವ ಪರೀಕ್ಷೆಯಲ್ಲಿ 25 ಗ್ರಾಂ ಹಣ್ಣನ್ನು ಕ್ಷಾರೀಯ ದ್ರಾವಣದಲ್ಲಿ ಅಲುಗಾಡಿಸಿ, ಲೋಳೆಗಟ್ಟದಂತೆ ಪೆಕ್ಟಿನೇಸ್ ಎಂಬ ಕಿಣ್ವ ಸೇರಿಸಿ, ವೈರಸ್ ಸಾಂದ್ರಗೊಳಿಸಿ, ಅದರ ಆನುವಂಶಿಕ ವಸ್ತುವನ್ನು ಪತ್ತೆಹಚ್ಚುವ ಆರ್‌ಟಿ-ಪಿಸಿಆರ್ ಮಾಡುತ್ತಾರೆ. ಹಣ್ಣಿನ ರಸವೇ ಪಿಸಿಆರ್‌ಗೆ ಅಡ್ಡಿಯಾಗಬಲ್ಲದು. ಹಾಗಾಗಿ ಪರೀಕ್ಷೆ ಸರಿಯಾಗಿ ನಡೆಯಿತೇ ಎಂದು ತಿಳಿಯಲು ಮೊದಲೇ ಬೆರೆಸುವ ನಿಯಂತ್ರಣ ವೈರಸ್ ಎಷ್ಟು ಮರಳಿ ಸಿಕ್ಕಿತೆಂದು ತೋರಿಸದ 'ನೆಗೆಟಿವ್' ವರದಿಯನ್ನು ನಂಬಬೇಡಿ. 'ಪಾಸಿಟಿವ್' ಬಂದರೂ ವೈರಸ್ ಸಕ್ರಿಯವೋ ಅಲ್ಲವೋ ಗೊತ್ತಾಗದು. ಇಡೀ ಕಂಟೇನರಿಗೆ 25 ಗ್ರಾಂ ಎಷ್ಟರ ಸಾಕ್ಷಿ?

ಆದ್ದರಿಂದ ಆಮದುದಾರರಿಂದ ತೋಟದ ನೀರಿನ ಮೂಲ, ಕಾರ್ಮಿಕರ ಶೌಚಾಲಯ, ಕೈತೊಳೆಯುವ ವ್ಯವಸ್ಥೆಯ ದಾಖಲೆ ಕೇಳಬೇಕು. ಹೆಪಟೈಟಿಸ್ ಎ ಲಕ್ಷಣ ಕಾಣಲು 15ರಿಂದ 50 ದಿನ ಬೇಕು. ಅಷ್ಟರೊಳಗೆ ಡಬ್ಬಿ ಕಸಕ್ಕೆ ಹೋಗಿರುತ್ತದೆ. ಹಣ್ಣು ಯಾವ ಸರಕಿನ ಕಂತಿನದೆಂದು ಆಮೇಲೂ ಪತ್ತೆಹಚ್ಚಲು ಅದರ ಲಾಟ್ ಸಂಖ್ಯೆಯನ್ನು ಅಂಗಡಿಯ ಬಿಲ್ಲಿನಲ್ಲೇ ಮುದ್ರಿಸಲಿ.

— ಆಹಾರ ಸೂಕ್ಷ್ಮಜೀವಿ ಪರೀಕ್ಷಕರು, ಮೈಸೂರು